ಸೈಕಲ್ಲು ಮತ್ತು ನಲವತ್ತು ಮೆಟ್ಟಿಲು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಸಾಮಾನ್ಯವಾಗಿ ಸಂಬಳ, ರಜೆ, ಭವಿಷ್ಯನಿಧಿ, ಖೋಲಿಯ ಬಾಡಿಗೆ, ಮಕ್ಕಳ ವಿದ್ಯಾಭ್ಯಾಸ ಮೊದಲಾದವುಗಳ ಮೇಲೆ ಮಾತು ನಡೆಯುತ್ತದೆ. ಇಂದು ನಾವು ಆರಿಸಿಕೊಂಡ ವಿಷಯ ಕೇಳಿದರೆ ಕೆಲವರಿಗೆ ನಗು ಬಂದೀತು. ಕೆಲಸಕ್ಕೆ ಹೋಗಿ ಬರುವಾಗ ಸೈಕಲ್ಲನ್ನು ಮೆಟ್ಟಿಲು ಹತ್ತಿಸುವುದು ಮತ್ತು ಇಳಿಸುವುದು, ಇದೇ ಆ ವಿಷಯ. ಮೋಟಾರಿನಲ್ಲಿ ಓಡಾಡುವವರಿಗೆ ಇದು ವಿಷಯವೇ ಅಲ್ಲ. ಆದರೆ ಬೆಳಗಿನ ನಾಲ್ಕೂವರೆಗೆ ಹೋಟೆಲಿನ ಬಾಗಿಲು ತೆಗೆದು ಒಲೆ ಹಚ್ಚಬೇಕಾದ ನಮ್ಮ ಸಹೋದರನಿಗೆ ಇದು ದಿನದ ಮೊದಲನೆಯ ದುಡಿಮೆ. ಆ ದುಡಿಮೆಗೆ ಸಂಬಳವಿಲ್ಲ, ಹಾಜರಿ ಪುಸ್ತಕದಲ್ಲಿ ಅದರ ಲೆಕ್ಕವೂ ಇಲ್ಲ. ಆದ್ದರಿಂದ ಇಂದು ನಾವೇ ಅದರ ಲೆಕ್ಕ ಹಾಕಿ ನೋಡೋಣ.

ಮೊದಲು, ಈ ಮೆಟ್ಟಿಲು ನಮ್ಮ ಬದುಕಿನೊಳಗೆ ಹೇಗೆ ಬಂತು ಎಂಬುದನ್ನು ವಿಚಾರ ಮಾಡಬೇಕು. ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಪರೇಲ್, ಲಾಲ್‌ಬಾಗ್, ವರಳಿ, ನಾಯಗಾಂವ್‌ಗಳಲ್ಲಿದ್ದ ಕಾರ್ಮಿಕನಿಗೆ ಕೆಲಸ ಮನೆಯ ಬಾಗಿಲಲ್ಲೇ ಇತ್ತು. ಭೋಂಗಾ ಕೂಗಿದ ಮೇಲೆ ಮನೆ ಬಿಟ್ಟರೂ ಪಾಳಿಗೆ ಸರಿಯಾಗಿ ಮುಟ್ಟುತ್ತಿದ್ದ. 1982ರ ಜನವರಿ 18ರಂದು ಆರಂಭವಾದ ಮುಷ್ಕರ, ಅದರ ಹಿಂದೆಯೇ ಒಂದೊಂದಾಗಿ ಮುಚ್ಚಿದ ಗಿರಣಿಗಳು, ಅವುಗಳ ಜಾಗದಲ್ಲಿ ಎದ್ದ ಗೋಪುರಗಳು, ಇವನ್ನು ಈ ಸಭೆಯ ಹಿರಿಯರಿಗೆ ನಾವು ವಿವರಿಸಬೇಕಾಗಿಲ್ಲ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಬಾಳು ಅದರಲ್ಲಿ ಸಿಕ್ಕಿತು. ಸಂಸಾರಗಳು ವಸಯಿ, ವಿರಾರ್, ಕಲ್ಯಾಣ್, ಅಂಬರನಾಥಗಳ ಕಡೆಗೆ ಸರಿದವು. ಕೆಲಸ ಒಂದು ಕಡೆ, ಮನೆ ಇನ್ನೊಂದು ಕಡೆ, ನಡುವೆ ರೈಲು ಹಳಿ ಎಂಬ ಸ್ಥಿತಿ ಬಂತು. ಹಳಿ ಇದ್ದಲ್ಲಿ ಸೇತುವೆ, ಸೇತುವೆ ಇದ್ದಲ್ಲಿ ಮೆಟ್ಟಿಲು.

ಮುಂಬಯಿಯ ನಕಾಶೆಯನ್ನು ಒಮ್ಮೆ ನೋಡಿ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿದಂದಿನಿಂದ ಈ ನಗರವು ಹಳಿಗಳಿಂದ ಉದ್ದುದ್ದಕ್ಕೆ ಸೀಳಿಹೋಗಿದೆ. ಪೂರ್ವ, ಪಶ್ಚಿಮ ಎಂದು ನಾವು ವಿಳಾಸ ಹೇಳುವುದೇ ಹಳಿಯನ್ನು ಹಿಡಿದು. ಹಿಂದೆ ಹಳಿ ದಾಟಲು ಅಲ್ಲಲ್ಲಿ ಗೇಟುಗಳಿದ್ದವು. ಗೇಟು ತೆರೆದಾಗ ಎತ್ತಿನ ಗಾಡಿ, ಮೋಟಾರು, ಸೈಕಲ್ಲು, ಕಾಲ್ನಡಿಗೆಯವರು ಎಲ್ಲರೂ ಒಟ್ಟಿಗೆ ದಾಟುತ್ತಿದ್ದರು. ರೈಲುಗಳು ಹೆಚ್ಚಿದಂತೆ ಗೇಟುಗಳನ್ನು ಮುಚ್ಚಲಾಯಿತು. ಅದು ಆಗಬೇಕಾದದ್ದೇ. ಆದರೆ ಮುಚ್ಚಿದ ಮೇಲೆ ಮೋಟಾರಿಗೆ ಏರುಸೇತುವೆ ಸಿಕ್ಕಿತು, ನಡೆಯುವವನಿಗೆ ಮೆಟ್ಟಿಲು ಸಿಕ್ಕಿತು, ಸೈಕಲ್ಲಿನವನಿಗೆ ಎರಡೂ ಸರಿಯಾಗಿ ಸಿಗಲಿಲ್ಲ. ಏರುಸೇತುವೆ ಹತ್ತಿದರೆ ಬೆನ್ನ ಹಿಂದೆ ಲಾರಿ, ಮೆಟ್ಟಿಲು ಹತ್ತಿದರೆ ಹೆಗಲ ಮೇಲೆ ಸೈಕಲ್ಲು. ನಮ್ಮನ್ನು ಹೊರಬೇಕಾದ ವಾಹನವನ್ನು ನಾವೇ ಹೊರುವ ವಿಚಿತ್ರ ಹೀಗೆ ಹುಟ್ಟಿತು.

ಇರುವ ರಸ್ತೆ ಸೇತುವೆಗಳೂ ಹಳೆಯವಾಗಿವೆ. ಅಂಧೇರಿಯ ಗೋಖಲೆ ಸೇತುವೆಯ ಕಾಲುದಾರಿ 2018ರ ಜುಲೈ 3ರಂದು ಕುಸಿಯಿತು. 2022ರ ನವೆಂಬರಿನಲ್ಲಿ ಆ ಸೇತುವೆಯನ್ನೇ ಮುಚ್ಚಿದರು. ಅದು ಪೂರ್ತಿಯಾಗಿ ತೆರೆದದ್ದು 2025ರ ಮೇ ತಿಂಗಳಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪರೇಲ್-ಪ್ರಭಾದೇವಿಗಳ ನಡುವಿನ ಹಳೆಯ ಎಲ್ಫಿನ್‌ಸ್ಟನ್ ರಸ್ತೆ ಸೇತುವೆಯನ್ನು ಹೊಸದು ಕಟ್ಟುವ ಸಲುವಾಗಿ ಮುಚ್ಚಿದರು. ಇಂಥ ಒಂದು ಸೇತುವೆ ಮುಚ್ಚಿದಾಗ ಮೋಟಾರಿನವನು ಸುತ್ತಿಕೊಂಡು ಹೋಗುತ್ತಾನೆ. ಸೈಕಲ್ಲಿನವನು ಸುತ್ತಿಕೊಂಡು ಹೋದರೆ ಮುಕ್ಕಾಲು ಗಂಟೆಯ ನಿದ್ರೆ ಹೋಯಿತು. ಸುತ್ತದಿದ್ದರೆ ಮೆಟ್ಟಿಲೇ ಗತಿ.

ಇಷ್ಟು ಕಷ್ಟವಿದ್ದರೆ ಸೈಕಲ್ಲನ್ನೇ ಬಿಡಬಾರದೇ ಎಂದು ಕೇಳುವವರಿದ್ದಾರೆ. ಬಿಡಲಾಗುವುದಿಲ್ಲ. ಬೆಸ್ಟ್ ಬಸ್ಸಿನ ಕನಿಷ್ಠ ದರ 2025ರ ಮೇ ತಿಂಗಳಲ್ಲಿ 5 ರೂಪಾಯಿಯಿಂದ 10 ರೂಪಾಯಿಗೆ ಏರಿತು. ಮೇಲಾಗಿ ನಮ್ಮವರು ಹೊರಡುವ ಹೊತ್ತಿಗೆ ಬಸ್ಸು ಎದ್ದಿರುವುದಿಲ್ಲ, ಹಿಂದಿರುಗುವ ಹೊತ್ತಿಗೆ ಮಲಗಿರುತ್ತದೆ. ರಾತ್ರಿ ಗಲ್ಲಾ ಎಣಿಸಿ, ಮೇಜು ಒರೆಸಿ, ಮರುದಿನದ ಹಿಟ್ಟು ರುಬ್ಬಿಟ್ಟು ಹೊರಬಿದ್ದ ಮಾಣಿಗೆ ರಿಕ್ಷಾದ ಬಾಡಿಗೆ ಕೊಟ್ಟು ಪೂರೈಸುವುದಿಲ್ಲ. ಅವನಿಗೆ ಸೈಕಲ್ಲೆಂದರೆ ಅರ್ಧ ಗಂಟೆಯ ನಿದ್ರೆ, ರಾತ್ರಿ ಶಾಲೆಗೆ ಹೋಗುತ್ತಿದ್ದರೆ ಅರ್ಧ ಗಂಟೆಯ ಓದು.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಇಪ್ಪತ್ತೆಂಟು ಇಂಚು ಗಾಲಿಯ, ಕ್ಯಾರಿಯರು, ಸ್ಟ್ಯಾಂಡು ಎಲ್ಲವೂ ಇರುವ ಹಳೇ ಮಾದರಿಯ ಕಪ್ಪು ಸೈಕಲ್ಲು. ಅದರ ತೂಕ ಸುಮಾರು 20 ಕಿಲೋ. ರೈಲಿನ ಮೇಲೆ ವಿದ್ಯುತ್ ತಂತಿ ಇರುವುದರಿಂದ ಸೇತುವೆಯನ್ನು ಹಳಿಯಿಂದ 20 ಅಡಿಗೂ ಮೇಲೆ ಕಟ್ಟಬೇಕಾಗುತ್ತದೆ. ಮೆಟ್ಟಿಲೊಂದಕ್ಕೆ 6 ಇಂಚು ಎಂದು ಹಿಡಿದರೆ 40 ಮೆಟ್ಟಿಲು, ಅಂದರೆ 6 ಮೀಟರು ಎತ್ತರ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ವರ್ಷಕ್ಕೆ 300 ದಿನ ಕೆಲಸವೆಂದರೆ ಏರಿದ ಮೆಟ್ಟಿಲು 24,000. ಏರಿದ ಎತ್ತರ 3,600 ಮೀಟರು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸಮುದ್ರ ಮಟ್ಟದಿಂದ ಸುಮಾರು 1,930 ಮೀಟರು. ಸಮುದ್ರದ ದಡದಿಂದ ಹೊರಟು ಸುಮಾರು ಎರಡು ಸಲ ಮುಳ್ಳಯ್ಯನಗಿರಿಯನ್ನು ಸೈಕಲ್ಲು ಹೊತ್ತು ಏರಿದಂತಾಯಿತು. ಇಳಿದದ್ದೂ ಅಷ್ಟೇ. ಇದು ಒಬ್ಬ ಕಾರ್ಮಿಕನ ಒಂದು ವರ್ಷದ ಲೆಕ್ಕ. ಮನೆ ಚಾಳಿನ ಮೂರನೆಯ ಮಾಳಿಗೆಯಲ್ಲಿದ್ದರೆ ಅದು ಬೇರೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಇಷ್ಟು ಎತ್ತರ ಏರಲು ಬೇಕಾದ ಶಕ್ತಿ ಬಹಳ ದೊಡ್ಡದಲ್ಲ. ಅರವತ್ತು ಕಿಲೋದ ಮನುಷ್ಯ ಇಪ್ಪತ್ತು ಕಿಲೋದ ಸೈಕಲ್ಲಿನೊಡನೆ 40 ಮೆಟ್ಟಿಲು ಏರಿದರೆ ದೇಹವು ಖರ್ಚು ಮಾಡುವುದು ಸುಮಾರು 5 ಕ್ಯಾಲೊರಿ. ನಾವೇ ಬೇಯಿಸಿ ಬಡಿಸುವ ಒಂದು ಇಡ್ಲಿಯ ಬಲದಿಂದ ಏಳೆಂಟು ಸಲ ಏರಬಹುದು! ಹಾಗಾದರೆ ಬೆನ್ನು ಏಕೆ ನೋಯುತ್ತದೆ, ಭುಜ ಏಕೆ ಊದುತ್ತದೆ? ತೂಕದಿಂದಲ್ಲ, ತೂಕವನ್ನು ಹೊರುವ ರೀತಿಯಿಂದ. ಇಪ್ಪತ್ತೈದು ಕಿಲೋ ಅಕ್ಕಿಯ ಚೀಲವನ್ನು ಬೆನ್ನ ಮೇಲೆ ಹೊತ್ತರೆ ಭಾರ ನಡುವೆ ಕೂರುತ್ತದೆ. ಸೈಕಲ್ಲು ಹಾಗಲ್ಲ. ಅದು ಉದ್ದ, ಅದು ಒಂದೇ ಪಕ್ಕಕ್ಕೆ ತೂಗುತ್ತದೆ, ಅದರ ಹಿಡಿ ತಿರುಗುತ್ತದೆ, ಅದರ ಪೆಡಲು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುತ್ತದೆ. ಅದನ್ನು ಸರಿದೂಗಿಸಲು ಸೊಂಟವನ್ನು ಇನ್ನೊಂದು ಪಕ್ಕಕ್ಕೆ ಬಾಗಿಸುತ್ತೇವೆ. ಆ ಬಾಗುವಿಕೆಯೇ ವರ್ಷ ಕಳೆದಂತೆ ರೋಗವಾಗುತ್ತದೆ.

ಆದ್ದರಿಂದ ಹೊರುವ ಕ್ರಮವನ್ನು ಕಲಿಯಬೇಕು. ಸೈಕಲ್ಲಿನ ಎಡಬದಿಯಲ್ಲಿ ನಿಲ್ಲಿ. ಮೊಣಕಾಲು ಮಡಿಸಿ ಕೆಳಗೆ ಬಗ್ಗಿ, ಬೆನ್ನು ಬಗ್ಗಿಸಬೇಡಿ. ಬಲಗೈಯನ್ನು ಚೌಕಟ್ಟಿನೊಳಗೆ ತೂರಿಸಿ ಅಡ್ಡಕಂಬಿಯನ್ನು ಬಲ ಹೆಗಲಿನ ಮೇಲೆ ಕೂರಿಸಿ, ಕಾಲಿನ ಬಲದಿಂದ ಏಳಿ. ಬಲಗೈ ಮುಂದೆ ಚಾಚಿ ಹಿಡಿಯನ್ನು ತಿರುಗದಂತೆ ಹಿಡಿಯಲಿ. ಎಡಗೈ ಸೇತುವೆಯ ಕಟಕಟೆಗೆ ಮೀಸಲು. ಹೀಗೆ ಹೊತ್ತರೆ ಸರಪಳಿ ಹೊರಬದಿಗೆ ಬೀಳುತ್ತದೆ, ಒಗೆದು ಇಸ್ತ್ರಿ ಮಾಡಿದ ಅಂಗಿಗೆ ಎಣ್ಣೆ ಹತ್ತುವುದಿಲ್ಲ. ಹೆಗಲ ಮೇಲೆ ಟವೆಲನ್ನು ಸಿಂಬಿಯಂತೆ ಮಡಚಿ ಇಟ್ಟುಕೊಳ್ಳಿ. ಬುತ್ತಿ, ಚೀಲ, ಹಾಲಿನ ಕ್ಯಾನು ಯಾವುದೂ ಸೈಕಲ್ಲಿಗೆ ತೂಗಿರಬಾರದು; ಅವನ್ನು ಇನ್ನೊಂದು ಸಲ ಬಂದು ಒಯ್ದರೆ ನಷ್ಟವಿಲ್ಲ. ಅಡ್ಡಕಂಬಿ ಇಲ್ಲದ ಸೈಕಲ್ಲನ್ನು ಹೀಗೆ ಹೊರಲಾಗುವುದಿಲ್ಲ. ನಮ್ಮ ಸಹೋದರಿಯರೂ ಈಗ ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗುತ್ತಾರೆ, ಅವರಿಗೆ ಕಷ್ಟ ಇಮ್ಮಡಿ ಎಂಬುದನ್ನು ನೆನಪಿಡಬೇಕು.

ಇಳಿಯುವುದು ಸುಲಭವೆಂದು ತಿಳಿಯಬೇಡಿ. ಏರುವಾಗ ಎಡವಿದರೆ ಮುಂದಿನ ಮೆಟ್ಟಿಲಿಗೆ ಕೈ ಊರಬಹುದು. ಇಳಿಯುವಾಗ ಎಡವಿದರೆ ಎದುರಿಗೆ ಗಾಳಿ ಮಾತ್ರ. ಹೊತ್ತು ಇಳಿಯಲಾರದವರು ಸೈಕಲ್ಲನ್ನು ಉರುಳಿಸಿಕೊಂಡೇ ಇಳಿಯಬಹುದು. ಮುಂದಿನ ಗಾಲಿ ಮುಂದಿರಲಿ, ಎಡಗೈ ಹಿಡಿಯ ಮೇಲಿರಲಿ, ಬಲಗೈ ಸೀಟನ್ನಾಗಲಿ ಕ್ಯಾರಿಯರನ್ನಾಗಲಿ ಹಿಂದಕ್ಕೆ ಜಗ್ಗಿ ಹಿಡಿದಿರಲಿ. ಒಂದೊಂದೇ ಮೆಟ್ಟಿಲಿಗೆ ನಿಲ್ಲಿಸಿ ಇಳಿಸಿ. ಧಡಧಡನೆ ಬಿಟ್ಟರೆ ಗಾಲಿಯ ಕಡ್ಡಿಗಳು ಸಡಿಲಾಗಿ ತಿಂಗಳೊಳಗೆ ಗಾಲಿ ಓರೆಯಾಗುತ್ತದೆ, ಉಳಿಸಿದ ಬಸ್ಸಿನ ದುಡ್ಡು ರಿಪೇರಿಯವನ ಕೈ ಸೇರುತ್ತದೆ. ಮಳೆಗಾಲದಲ್ಲಿ ಇನ್ನೂ ಎಚ್ಚರ ಬೇಕು. ಹೊಳೆಯುವ ಉಕ್ಕಿನ ಗಾಲಿಬಳೆ ಒದ್ದೆಯಾದರೆ ಬ್ರೇಕಿನ ರಬ್ಬರು ಜಾರುತ್ತದೆ, ಒಣಗಿದ್ದಾಗ ಇದ್ದ ಹಿಡಿತದ ಸ್ವಲ್ಪ ಪಾಲೂ ಉಳಿಯುವುದಿಲ್ಲ. ಮಳೆಯಲ್ಲಿ ಬ್ರೇಕನ್ನು ನಂಬದೆ ಕೈಯನ್ನೇ ನಂಬಬೇಕು.

ಬಂಧುಗಳೇ, ಇಲ್ಲಿ ಎರಡು ಮಾತುಗಳನ್ನು ಕಟುವಾಗಿಯೇ ಹೇಳಬೇಕಾಗಿದೆ.

ಮೊದಲನೆಯದು, ಮೆಟ್ಟಿಲಿನ ಕಷ್ಟ ತಪ್ಪಿಸಲು ಸೈಕಲ್ಲನ್ನು ಎತ್ತಿಕೊಂಡು ಹಳಿ ದಾಟುವ ಅಭ್ಯಾಸ. ಗೋಡೆಯಲ್ಲಿ ತೂತು ಕಂಡ ಕೂಡಲೇ ನುಗ್ಗುವವರಿದ್ದಾರೆ. ಮುಂಬಯಿಯ ಉಪನಗರ ರೈಲು ಮಾರ್ಗಗಳಲ್ಲಿ ಈಚಿನ ವರ್ಷಗಳಲ್ಲಿಯೂ ವರ್ಷಕ್ಕೆ ಎರಡು ಸಾವಿರಕ್ಕಿಂತ ಹೆಚ್ಚು ಜನ ಸಾಯುತ್ತಿದ್ದಾರೆ, ಅವರಲ್ಲಿ ಅನೇಕರು ಹಳಿ ದಾಟುವಾಗಲೇ ಸತ್ತವರು. 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಇದಕ್ಕೆ ಆರು ತಿಂಗಳವರೆಗೆ ಸಜೆ ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ ಉಂಟು. ದಂಡದ ಮಾತು ಹಾಗಿರಲಿ. ಹೆಗಲ ಮೇಲೆ ಸೈಕಲ್ಲಿದ್ದಾಗ ಆ ಪಕ್ಕದ ನೋಟವೇ ಮುಚ್ಚಿಹೋಗುತ್ತದೆ. ರೈಲು ಬರುವುದೂ ಆ ಪಕ್ಕದಿಂದಲೇ ಆದರೆ? ಊರಿನಲ್ಲಿ ತಿಂಗಳ ಮನಿಯಾರ್ಡರನ್ನು ಕಾದಿದ್ದವರು, ಈಗ ಫೋನಿನಲ್ಲಿ ಹಣ ಬಂತೇ ಎಂದು ನೋಡುವವರು, ನಮ್ಮ ನಲವತ್ತು ಮೆಟ್ಟಿಲಿನ ಸೋಮಾರಿತನಕ್ಕೆ ಬೆಲೆ ತೆರಬಾರದು.

ಎರಡನೆಯದು, ಜನಸಂದಣಿಯ ಮಾತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಾಲುಸೇತುವೆಯಲ್ಲಿ ನಡೆದದ್ದನ್ನು ನಾವು ಯಾರೂ ಮರೆಯಲಾರೆವು. ಹೊರಗೆ ಮಳೆ, ಕಿರಿದಾದ ಮೆಟ್ಟಿಲು, ಮೇಲೂ ಕೆಳಗೂ ಜನ. ಕಾಲ್ತುಳಿತದಲ್ಲಿ 23 ಮಂದಿ ಪ್ರಾಣ ಬಿಟ್ಟರು. ಅವರು ನಮ್ಮಂತೆಯೇ ಕೆಲಸಕ್ಕೆ ಹೊರಟವರು. ಮರುವರ್ಷ ಸ್ಟೇಷನ್ನಿಗೆ ಪ್ರಭಾದೇವಿ ಎಂಬ ಹೊಸ ಹೆಸರು ಬಂತು. ಸೇನೆಯವರು ಬಂದು ಹೊಸ ಕಾಲುಸೇತುವೆ ಕಟ್ಟಿಕೊಟ್ಟರು. ಸೈಕಲ್ಲು ಹೊತ್ತವನು ಇಬ್ಬರ ಜಾಗ ಹಿಡಿಯುತ್ತಾನೆ, ಅವನು ಬಿದ್ದರೆ ಹತ್ತು ಜನ ಬೀಳುತ್ತಾರೆ. ಆದ್ದರಿಂದ ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು, ಈ ಹೊತ್ತಿನಲ್ಲಿ ಸೇತುವೆಯ ಮೇಲೆ ಸೈಕಲ್ಲು ಬೇಡ. ಅದೃಷ್ಟಕ್ಕೆ ಹೋಟೆಲಿನ ಪಾಳಿ ಹೆಚ್ಚಾಗಿ ಈ ಹೊತ್ತಿನ ಹೊರಗೇ ಇದೆ. ನಮ್ಮ ಅನುಕೂಲ ಕೇಳುವಾಗ ಇನ್ನೊಬ್ಬ ದುಡಿಯುವವನ ಉಸಿರನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಸಂಘಧರ್ಮವಲ್ಲ.

ಹಾಗಾದರೆ ಪರಿಹಾರವೇನು? ಲೋಕದಲ್ಲಿ ಇತರರು ಏನು ಮಾಡಿದ್ದಾರೆಂದು ನೋಡೋಣ. ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ನದಿಯ ಕೆಳಗೆ ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ಎಂದೇ 1933ರಲ್ಲಿ ಸುರಂಗ ತೆರೆದರು. ಅದರ ಮರದ ಚಲಿಸುವ ಮೆಟ್ಟಿಲುಗಳ ಮೇಲೆ ಜನ ಸೈಕಲ್ಲನ್ನು ನಿಲ್ಲಿಸಿಕೊಂಡೇ ಏರಿಳಿಯುತ್ತಾರೆ. ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಯುದ್ಧದ ನಡುವೆಯೇ, 1942ರಲ್ಲಿ, ಇಂಥದೇ ವ್ಯವಸ್ಥೆ ಮಾಡಿದರು. ನಾರ್ವೆಯ ಟ್ರೋಂಡ್‌ಹೈಮ್ ಎಂಬ ಊರಿನಲ್ಲಿ 1993ರಿಂದ ಸೈಕಲ್ಲಿನವರನ್ನು ದಿಣ್ಣೆಯ ಮೇಲಕ್ಕೆ ತಳ್ಳುವ ಯಂತ್ರವೇ ಇದೆ. ಇವೆಲ್ಲ ದೊಡ್ಡ ಖರ್ಚಿನ ಕೆಲಸಗಳು. ನಮಗೆ ಬೇಕಾದದ್ದು ಅದಲ್ಲ. ಹಾಲೆಂಡಿನ ರೈಲು ಸ್ಟೇಷನ್ನುಗಳ ಮೆಟ್ಟಿಲ ಪಕ್ಕದಲ್ಲಿ ಇನ್ನೊಂದು ಸಣ್ಣ ಉಪಾಯವಿದೆ. ಮೆಟ್ಟಿಲಿನ ಒಂದು ಅಂಚಿಗೆ ಮೇಲಿನಿಂದ ಕೆಳಗಿನವರೆಗೆ ಒಂದು ಕಿರಿದಾದ ತೋಡು, ಕಾಂಕ್ರೀಟಿನದೋ ಕಬ್ಬಿಣದ ಪಟ್ಟಿಯದೋ. ಅದರಲ್ಲಿ ಎರಡೂ ಗಾಲಿಗಳನ್ನು ಇಳಿಸಿದರೆ ಮನುಷ್ಯ ಮೆಟ್ಟಿಲ ಮೇಲೆ ನಡೆಯುತ್ತಾನೆ, ಸೈಕಲ್ಲು ಪಕ್ಕದಲ್ಲಿ ಉರುಳುತ್ತ ಬರುತ್ತದೆ. ಹೊರುವುದು ತಪ್ಪಿತು.

ಗಾಲಿಕುರ್ಚಿಗೆ ಬೇಕಾದ ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕು. 6 ಮೀಟರು ಏರಲು 72 ಮೀಟರು ಉದ್ದ ಬೇಕು. ಅದೂ ಆಗಲೇಬೇಕು, 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸಾರ್ವಜನಿಕ ಸ್ಥಳಗಳನ್ನು ಎಲ್ಲರೂ ಬಳಸುವಂತೆ ಮಾಡಲು ಹೇಳುತ್ತದೆ. ಆದರೆ ಪರೇಲಿನಂಥ ಇಕ್ಕಟ್ಟಿನ ಜಾಗದಲ್ಲಿ ಅಷ್ಟು ಉದ್ದ ಎಲ್ಲಿಂದ ಬಂತು ಎಂದು ಅಧಿಕಾರಿಗಳು ಕೇಳುತ್ತಾರೆ. ತೋಡಿಗೆ ಆ ನೆಪ ಹೇಳುವಂತಿಲ್ಲ. ಅದಕ್ಕೆ ಬೇಕಾದದ್ದು ಮೂರು ಇಂಚು ಅಗಲ.

ಆದರೆ ತೋಡನ್ನೂ ತಿಳಿದು ಮಾಡಬೇಕು. ಗೋಡೆಗೆ ತಾಗಿಸಿ ಮಾಡಿದರೆ ಸೈಕಲ್ಲಿನ ಹಿಡಿ ಕಟಕಟೆಗೆ ಬಡಿದು ಗಾಲಿ ತೋಡಿನಿಂದ ಹಾರುತ್ತದೆ. ಹಿಡಿಯ ಅರ್ಧ ಅಗಲ, ಅಂದರೆ ಸುಮಾರು ಒಂದು ಅಡಿ, ಗೋಡೆಯಿಂದ ಈಚೆಗೆ ಇರಬೇಕು. ಏರುವವನಿಗೆ ಒಂದು ಪಕ್ಕ, ಇಳಿಯುವವನಿಗೆ ಇನ್ನೊಂದು ಪಕ್ಕ ಬೇಕು. ನಡೆಯುವವರ ಕಾಲು ಸಿಕ್ಕದಂತೆ ಅಂಚಿಗೆ ಹಳದಿ ಬಣ್ಣ ಬಳಿಯಬೇಕು. ಸವಾರನೂ ತೋಡಿಗೆ ಇಳಿಸುವ ಮೊದಲು ಗೋಡೆಯ ಬದಿಯ ಪೆಡಲನ್ನು ಮೇಲಕ್ಕೆ ತಿರುಗಿಸಿಕೊಳ್ಳಬೇಕು, ಇಲ್ಲವಾದರೆ ಅದು ಮೆಟ್ಟಿಲಿಗೆ ತಾಗುತ್ತದೆ.

ಸೈಕಲ್ಲು ಹೊಸ ಕಾಲಕ್ಕೆ ಸಲ್ಲದ್ದು ಎಂದು ಯಾರಾದರೂ ಹೇಳಿದರೆ ಕೊಚ್ಚಿ ಮೆಟ್ರೋವಿನ ಕಡೆ ಬೆರಳು ತೋರಿಸಿ. ಅಲ್ಲಿ 2020ರಲ್ಲಿಯೇ ಸೈಕಲ್ಲನ್ನು ರೈಲಿನ ಡಬ್ಬಿಯೊಳಗೆ ಒಯ್ಯಲು ಬಿಟ್ಟರು. ನಮ್ಮ ಮುಂಬಯಿಯಲ್ಲಿಯೇ 2022ರಲ್ಲಿ ಓಡತೊಡಗಿದ ದಹಿಸರ-ಅಂಧೇರಿ ಕಡೆಯ ಮೆಟ್ರೋ ಮಾರ್ಗಗಳಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟರು. ಹೊಸ ರೈಲಿಗೆ ಒಪ್ಪಿದ್ದು ಹಳೆಯ ಸೇತುವೆಗೆ ಏಕೆ ಒಪ್ಪಬಾರದು?

ಸರಕಾರ ಮಾಡುವವರೆಗೆ ಕೈಕಟ್ಟಿ ಕೂಡುವುದೂ ಬೇಡ. ಈ ನಗರದ ಡಬ್ಬಾವಾಲಾ ಬಂಧುಗಳನ್ನು ನೋಡಿ ಕಲಿಯಬೇಕಾದದ್ದಿದೆ. ತಲೆಯ ಮೇಲೆ ಡಬ್ಬಿಗಳ ಉದ್ದನೆಯ ಹಲಗೆ ಹೊತ್ತು ಸೇತುವೆ ದಾಟುತ್ತಾರೆಯೇ ಹೊರತು ಸೈಕಲ್ಲನ್ನು ಹೊತ್ತು ದಾಟುವುದಿಲ್ಲ. ಅವರ ಸೈಕಲ್ಲು ಸ್ಟೇಷನ್ನಿನ ಕೆಳಗೇ ನಿಂತಿರುತ್ತದೆ. ಹಳಿಯ ಆಚೆಗಿನ ಕೆಲಸವನ್ನು ಆಚೆಯ ಜೊತೆಗಾರ ಮಾಡುತ್ತಾನೆ. ನಮಗೂ ಇದು ಸಾಧ್ಯ. ನಮ್ಮ ಸದಸ್ಯರಲ್ಲಿ ಬೆಳಗಿನ ಪಾಳಿಯವನು ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಹೊತ್ತಿಗೆ ರಾತ್ರಿ ಪಾಳಿಯವನು ಪಶ್ಚಿಮದಿಂದ ಪೂರ್ವಕ್ಕೆ ಬರುತ್ತಾನೆ. ಇಬ್ಬರೂ ತಂತಮ್ಮ ಸೈಕಲ್ಲು ಹೊತ್ತು ಸೇತುವೆಯ ನಡುವೆ ನಮಸ್ಕಾರ ಹೇಳಿಕೊಳ್ಳುವ ಬದಲು, ಬೀಗದ ಕೈಗಳನ್ನು ಅದಲು ಬದಲು ಮಾಡಿಕೊಂಡರೆ ಯಾರೂ ಏನನ್ನೂ ಹೊರಬೇಕಾಗಿಲ್ಲ. ಪೂರ್ವದ ಸೈಕಲ್ಲು ಪೂರ್ವದಲ್ಲೇ, ಪಶ್ಚಿಮದ್ದು ಪಶ್ಚಿಮದಲ್ಲೇ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಪರಸ್ಪರ ನಂಬಿಕೆ ಮತ್ತು ಟ್ಯೂಬು ತೂತಾದರೆ ಯಾರು ತೇಪೆ ಹಾಕಿಸಬೇಕೆಂಬ ಒಂದು ಕರಾರು. ಜೋಡಿ ಸಿಗದವರಿಗಾಗಿ ಸಂಘವೇ ಹಳೆಯ ನಾಲ್ಕಾರು ಸೈಕಲ್ಲುಗಳನ್ನು ಕೊಂಡು ಸ್ಟೇಷನ್ನಿನ ಎರಡೂ ಕಡೆ ಇಡಬಹುದು. ಹನಿ ಹನಿ ಕೂಡಿದರೆ ಹಳ್ಳ.

ಮನೆಯ ಮೆಟ್ಟಿಲಿನ ಬಗ್ಗೆ ಒಂದು ಮಾತು. 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳಲ್ಲಿ ನೆಲಮಾಳಿಗೆಯ ಮೇಲೆ ಮೂರು ಮಾಳಿಗೆ, ಲಿಫ್ಟು ಇಲ್ಲ. ಕಳವಿನ ಹೆದರಿಕೆಯಿಂದ ಸೈಕಲ್ಲನ್ನು ಮೇಲಕ್ಕೆ ಒಯ್ಯದೆ ವಿಧಿಯಿರಲಿಲ್ಲ. ಆ ಚಾಳುಗಳ ಜಾಗದಲ್ಲಿ ಈಗ ಗೋಪುರಗಳು ಏಳುತ್ತಿವೆ. ವರಳಿಯಲ್ಲಿ 2025ರ ಆಗಸ್ಟಿನಲ್ಲಿ ಮೊದಲ ಮನೆಗಳ ಕೀಲಿಕೈ ಕೊಟ್ಟರು. ಹೊಸ ಮನೆಗೆ ಹೋಗುವವರು ಮೋಟಾರಿಗೆ ಎಷ್ಟು ಜಾಗ ಎಂದು ಕೇಳುವ ಮೊದಲು ಸೈಕಲ್ಲಿಗೆ ನೆಲದ ಮೇಲೆ, ಬೀಗ ಹಾಕಲು ಕಬ್ಬಿಣದ ಕಂಬಿಯೊಡನೆ, ಎಷ್ಟು ಜಾಗ ಎಂದು ಕೇಳಬೇಕು. ಕಟ್ಟಡ ಮುಗಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಹೋಟೆಲು ಮಾಲಿಕರಲ್ಲಿಯೂ ನಮ್ಮ ವಿನಂತಿ ಇದೇ: ಹಿಂಬಾಗಿಲಲ್ಲಿ ಕಾಲಿ ಸಿಲಿಂಡರು ಇಡುವಷ್ಟು ಜಾಗವನ್ನು ಕೆಲಸಗಾರರ ಸೈಕಲ್ಲಿಗೆ ಬಿಟ್ಟುಕೊಡಿ. ಬೆನ್ನು ನೆಟ್ಟಗಿರುವ ಕೆಲಸಗಾರನಿಂದ ಲಾಭ ನಿಮಗೇ.

ಕೊನೆಯದಾಗಿ, ಸಭೆಯ ಮುಂದೆ ಮೂರು ಸೂಚನೆಗಳನ್ನಿಡುತ್ತೇವೆ. ಒಂದು, ಪರೇಲ್, ದಾದರ್, ಅಂಧೇರಿ ಮತ್ತು ಮಾಟುಂಗದ ಝಡ್ ಬ್ರಿಜ್ ಇವುಗಳ ಮೆಟ್ಟಿಲುಗಳನ್ನು ನಮ್ಮವರೇ ಎಣಿಸಿ, ಅಗಲ ಅಳೆದು, ಎಲ್ಲಿ ತೋಡು ಮಾಡಬಹುದೆಂಬ ಪಟ್ಟಿಯನ್ನು ತಯಾರಿಸಬೇಕು. ಎರಡು, ಆ ಪಟ್ಟಿಯೊಡನೆ ರೈಲ್ವೆಗೂ ಮಹಾನಗರಪಾಲಿಕೆಗೂ ಮರಾಠಿಯಲ್ಲಿ ಬರೆದ ಅರ್ಜಿಯನ್ನು, ಮರಾಠಿ ಮತ್ತು ಇತರ ಭಾಷೆಯ ಕಾರ್ಮಿಕ ಬಂಧುಗಳ ಸಹಿಯನ್ನೂ ಕೂಡಿಸಿ, ಒಪ್ಪಿಸಬೇಕು. ಮೆಟ್ಟಿಲಿಗೆ ಭಾಷೆಯಿಲ್ಲ. ಕರಾವಳಿಯವರು ಮೆಟ್ಲು ಎಂದರೂ, ಬಡಗಣದವರು ಪಾವಟಿಗೆ ಎಂದರೂ, ಮರಾಠಿಯವರು ದಾದರ ಎಂದರೂ ಅದು ಎಲ್ಲರ ಮೊಣಕಾಲನ್ನೂ ಒಂದೇ ಸಮ ತಿನ್ನುತ್ತದೆ. ಮೂರು, ಸೈಕಲ್ಲು ಅದಲು ಬದಲಿಗೆ ಒಪ್ಪುವ ಸದಸ್ಯರು ತಮ್ಮ ಪಾಳಿಯ ಹೊತ್ತು, ಸ್ಟೇಷನ್ನಿನ ಹೆಸರು ಇವನ್ನು ಇಂದೇ ಕಾರ್ಯದರ್ಶಿಗಳ ಬಳಿ ಬರೆಯಿಸಬೇಕು. ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ.